ಗಾಡಿ ತಪ್ಪಿದರೆ ತಪ್ಪು ನಿನ್ನದಲ್ಲ

ಮಗಳೇ,

ನಿನ್ನ ವೀಸಾ ಕೈಸೇರಿತೆಂದು ನಿನ್ನಮ್ಮ ಹೇಳಿದಳು. ಕುಕ್ಕರ್ ಎಷ್ಟು ಲೀಟರಿನದು ತರಬೇಕು, ಸಾರಿನ ಪುಡಿ ಎಷ್ಟು ಕಟ್ಟಬೇಕು, ಚಳಿಗೆ ಎಂಥ ಕೋಟು ಬೇಕು ಎಂದು ಹೇಳುವವರು ನಿನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಒಂದೇ ಒಂದು ದಿನದ ಬಗ್ಗೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನದಿಂದ ಇಳಿದು ನೀನು ಓದಲು ಹೊರಟಿರುವ ಚೆಮ್ನಿಟ್ಸ್‌ನ ಕೋಣೆಯ ಬೀಗ ತೆಗೆಯುವ ತನಕದ ದಿನ ಅದು. ಓದಿನಲ್ಲಿ ಯಾರಿಗೂ ಸೋಲದ ಮಕ್ಕಳು, ಊರಿನಲ್ಲಿ ನಾಲ್ಕು ಜನರ ಮುಂದೆ ನಿಂತು ಧೈರ್ಯವಾಗಿ ಮಾತಾಡುವ ಮಕ್ಕಳು, ಆ ಒಂದು ದಿನದ ರೈಲು ಪ್ರಯಾಣದಲ್ಲಿ ಕಂಗಾಲಾಗಿದ್ದನ್ನು ನೋಡಿದ್ದೇನೆ.

ಜರ್ಮನಿಯ ರೈಲು ತಡವಾಗುವುದೇ ಇಲ್ಲ ಎಂದು ನಂಬಿ ಅವರು ಬಂದಿರುತ್ತಾರೆ. ಹಾಗಾಗಿ ಗಾಡಿ ಕೈಕೊಟ್ಟ ಕೂಡಲೇ ತಾವೇ ಏನೋ ಎಡವಟ್ಟು ಮಾಡಿಕೊಂಡೆವು ಅಂದುಕೊಳ್ಳುತ್ತಾರೆ. ಬಾಯಿ ಕಟ್ಟಿಹೋಗುತ್ತದೆ. ಯಾರನ್ನೂ ಕೇಳುವುದಿಲ್ಲ, ಕಟ್ಟಬೇಕಿಲ್ಲದ ದುಡ್ಡು ಕಟ್ಟುತ್ತಾರೆ, ಕೂರಬೇಕಿಲ್ಲದ ಕಡೆ ಗಂಟೆಗಟ್ಟಲೆ ಕೂರುತ್ತಾರೆ. ಒಬ್ಬ ಹುಡುಗ, ಹಿಂದಿನ ಗಾಡಿ ತಡವಾಗಿ ಬಂದು ಮುಂದಿನದು ಹೊರಟುಹೋಗಿದ್ದಕ್ಕೆ, ತನ್ನ ಟಿಕೆಟ್ ಕೆಟ್ಟಿತೆಂದು ತಿಳಿದು ಪೂರ್ತಿ ದರದ ಇನ್ನೊಂದು ಟಿಕೆಟ್ ಕೊಂಡುಕೊಂಡ. ಅವನ ಹಳೆಯ ಟಿಕೆಟ್ಟಿನಲ್ಲೇ ಮುಂದಿನ ಯಾವ ಗಾಡಿಯನ್ನಾದರೂ ಹತ್ತಬಹುದಿತ್ತು. ಅದನ್ನು ಹೇಳಲು ಹತ್ತು ಹೆಜ್ಜೆ ದೂರದ ಕೌಂಟರಿನಲ್ಲಿ ಒಬ್ಬಾಕೆ ಕೂತಿದ್ದಳು.

ಆದ್ದರಿಂದ ಆ ನಂಬಿಕೆಯನ್ನು ಹಾಸನದಲ್ಲೇ ಬಿಟ್ಟು ಬಾ. 2024ರಲ್ಲಿ ಇಲ್ಲಿನ ರೈಲು ಕಂಪನಿ ಡಾಯ್ಚ ಬಾನ್‌ನ ದೂರದ ಗಾಡಿಗಳು ಹೊತ್ತಿಗೆ ಸರಿಯಾಗಿ ಓಡಿದ ಪ್ರಮಾಣ ಶೇ. 62.5 ಮಾತ್ರ. ಅದೂ 6 ನಿಮಿಷದೊಳಗಿನ ತಡವನ್ನು ಅವರು ತಡವೆಂದೇ ಎಣಿಸುವುದಿಲ್ಲ. ರದ್ದಾದ ಗಾಡಿಗಳಂತೂ ಆ ಲೆಕ್ಕಕ್ಕೇ ಬರುವುದಿಲ್ಲ. ಪಕ್ಕದ ಸ್ವಿಟ್ಜರ್ಲೆಂಡಿನವರು ತಮ್ಮ ಗಾಡಿಗಳ ವೇಳೆ ಕೆಡಬಾರದೆಂದು, ಬಹಳ ತಡವಾಗಿ ಬಂದ ಜರ್ಮನ್ ಗಾಡಿಯನ್ನು ಗಡಿಯ ಬಾಸೆಲ್‌ನಲ್ಲೇ ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ತಮ್ಮದೇ ಗಾಡಿಯನ್ನು ಓಡಿಸುವುದುಂಟು. ಈ ದೇಶವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ನನಗೆ ಅನ್ನ ಕೊಟ್ಟ ದೇಶ ಇದು, ಇದರ ರೈಲುಗಳನ್ನು ಈಗಲೂ ಪ್ರೀತಿಸುತ್ತೇನೆ. ನೀನು ಬರುವ ದಿನ ಏನಾದರೂ ಆದರೆ ಅದು ಮೂರರಲ್ಲಿ ಒಂದು ಸಲ ಎಲ್ಲರಿಗೂ ಆಗುವಂಥದ್ದು ಎಂದು ನಿನಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಕಾರಣ ತಿಳಿದಿದ್ದರೆ ಗಾಬರಿ ಕಡಿಮೆಯಾಗುತ್ತದೆ. ಜಪಾನಿನ ಬುಲೆಟ್ ರೈಲು ಶಿಂಕಾನ್‌ಸೆನ್‌ಗೆ ಅದರದೇ ಪ್ರತ್ಯೇಕ ಹಳಿ. ಇಲ್ಲಿ ಹಾಗಿಲ್ಲ. ಗಂಟೆಗೆ 300 ಕಿ.ಮೀ. ಓಡಬಲ್ಲ ಐಸಿಇ, ಊರೂರಿಗೆ ನಿಲ್ಲುವ ಪ್ಯಾಸೆಂಜರ್, ಕಬ್ಬಿಣ ಹೊತ್ತ ಗೂಡ್ಸ್, ಮೂರೂ ಬಹಳ ಕಡೆ ಒಂದೇ ಹಳಿಯ ಮೇಲೆ ಹೋಗಬೇಕು. ಕಲೋನ್, ಹ್ಯಾಂಬರ್ಗ್, ಫ್ರಾಂಕ್‌ಫರ್ಟ್‌ನಂಥ ದೊಡ್ಡ ನಿಲ್ದಾಣಗಳ ಬಾಯಲ್ಲಿ ಎಲ್ಲವೂ ಇಕ್ಕಟ್ಟಿಗೆ ಸಿಗುತ್ತವೆ. ಬೆಳಿಗ್ಗೆ ಅಲ್ಲಿ ಒಂದು ಗಾಡಿ ನಿಂತರೆ ಅದರ ಬಿಸಿ ಸಂಜೆಯ ಹೊತ್ತಿಗೆ ಮ್ಯೂನಿಕ್‌ಗೆ ತಟ್ಟುತ್ತದೆ. ಹಳಿಗೆ, ಸಿಗ್ನಲ್ಲಿಗೆ ಹಾಕಬೇಕಾದ ಹಣವನ್ನು ಎಷ್ಟೋ ವರ್ಷ ಹಾಕಲಿಲ್ಲ. ಚಕ್ರವರ್ತಿಗಳ ಕಾಲದಲ್ಲಿ ಕಟ್ಟಿದ ಸಿಗ್ನಲ್ ಕ್ಯಾಬಿನ್‌ಗಳಲ್ಲಿ ಕೆಲವು ಈಗಲೂ ಕೆಲಸ ಮಾಡುತ್ತಿವೆ. ಈಗ ಅದನ್ನೆಲ್ಲ ಸರಿಪಡಿಸಲು ಮುಖ್ಯ ಮಾರ್ಗಗಳನ್ನೇ ತಿಂಗಳುಗಟ್ಟಲೆ ಮುಚ್ಚುತ್ತಿದ್ದಾರೆ. ಫ್ರಾಂಕ್‌ಫರ್ಟ್‌ನಿಂದ ಮಾನ್‌ಹೈಮ್‌ಗೆ ಹೋಗುವ ಮಾರ್ಗ 2024ರ ಜುಲೈ 15ರಿಂದ ಡಿಸೆಂಬರ್ 14ರ ತನಕ ಮುಚ್ಚಿತ್ತು. ಹ್ಯಾಂಬರ್ಗ್–ಬರ್ಲಿನ್ ಮಾರ್ಗದ ಸರದಿ 2025ರ ಆಗಸ್ಟಿನಲ್ಲಿ ಬಂತು. ಇಂಥ 40ಕ್ಕೂ ಹೆಚ್ಚು ಮಾರ್ಗಗಳು ಪಟ್ಟಿಯಲ್ಲಿವೆ. ಅಂದರೆ ನಿನ್ನ ಓದು ಮುಗಿಯುವ ತನಕ ಒಂದಲ್ಲ ಒಂದು ಕಡೆ ಹಳಿ ಕಿತ್ತಿರುತ್ತದೆ. ಇದರ ಮೇಲೆ ಮುಷ್ಕರ. 2024ರ ಜನವರಿ ಕೊನೆಯ ವಾರದಲ್ಲಿ ಚಾಲಕರ ಸಂಘ ಜಿಡಿಎಲ್ ದಿನಗಟ್ಟಲೆ ಮುಷ್ಕರ ಹೂಡಿ ದೇಶದ ಗಾಡಿಗಳನ್ನು ನಿಲ್ಲಿಸಿತ್ತು.

ನಿನ್ನ ದಾರಿಗೆ ಬರುತ್ತೇನೆ. ಬೆಂಗಳೂರಿನಿಂದ ನಡುರಾತ್ರಿ ದಾಟಿ ಹೊರಡುವ ವಿಮಾನ ಬೆಳಿಗ್ಗೆ ಫ್ರಾಂಕ್‌ಫರ್ಟ್‌ಗೆ ಇಳಿಸುತ್ತದೆ. ನಾಲ್ಕು ಸಾವಿರ ರೂಪಾಯಿ ಉಳಿಯುತ್ತದೆಂದು ಮಧ್ಯಾಹ್ನವೋ ಸಂಜೆಯೋ ಇಳಿಯುವ ವಿಮಾನ ಹಿಡಿಯಬೇಡ. ಬೆಳಿಗ್ಗೆ ಇಳಿದರೆ ಒಂದು ಗಾಡಿ ಹೋದರೂ ಬೆಳಕಿರುವಾಗಲೇ ಇನ್ನೊಂದು ಸಿಗುತ್ತದೆ. ಆ ಬೆಳಗಿನ ಗಂಟೆಗಳೇ ನಿನ್ನ ಆಸ್ತಿ.

ವಿಮಾನದ ಟಿಕೆಟ್ ಮಾಡಿಸುವಾಗಲೇ ‘ರೈಲ್ ಆ್ಯಂಡ್ ಫ್ಲೈ’ ಇದೆಯೇ ಎಂದು ಕೇಳಿಸು. ಹಲವು ವಿಮಾನ ಕಂಪನಿಗಳು ವಿಮಾನದ ಟಿಕೆಟ್ ಜೊತೆಗೇ ಇದನ್ನು ಮಾರುತ್ತವೆ. ಅದಕ್ಕೆ ಇಂಥದೇ ಗಾಡಿ ಎಂಬ ಕಟ್ಟಿಲ್ಲ. ಇಳಿದ ದಿನವೋ ಮಾರನೆಯ ದಿನವೋ ಸಿಕ್ಕ ಗಾಡಿ ಹತ್ತಬಹುದು. ವಿಮಾನ ಎರಡು ಗಂಟೆ ತಡವಾದರೂ ಎದೆ ಹೊಡೆದುಕೊಳ್ಳಬೇಕಾಗಿಲ್ಲ. ಅದು ಸಿಗದಿದ್ದರೆ ಎರಡು ಬಗೆಯ ಟಿಕೆಟ್ ಇವೆ. ‘ಸ್ಪಾರ್‌ಪ್ರೈಸ್’ ಅಗ್ಗ, ಆದರೆ ಬರೆದ ಗಾಡಿಗೇ ಕಟ್ಟಿಹಾಕಿದ್ದು. ‘ಫ್ಲೆಕ್ಸ್‌ಪ್ರೈಸ್’ ದುಬಾರಿ, ಗಾಡಿಯ ಕಟ್ಟಿಲ್ಲ. ಇಲ್ಲಿ ಒಂದು ವಿಷಯ ನೆನಪಿಡಬೇಕು. ರೈಲು ತಡವಾದರೆ ಸ್ಪಾರ್‌ಪ್ರೈಸ್‌ನ ಕಟ್ಟು ಬಿಚ್ಚಿಹೋಗುತ್ತದೆ. ವಿಮಾನ ತಡವಾದರೆ ಬಿಚ್ಚುವುದಿಲ್ಲ. ಬ್ಯಾಗಿನ ಬೆಲ್ಟಿನ ಹತ್ತಿರ ಒಂದು ಗಂಟೆ ಕಾದಿದ್ದಕ್ಕೂ ರೈಲಿನವರು ಹೊಣೆಯಲ್ಲ. ಹಾಗಾಗಿ ಸ್ಪಾರ್‌ಪ್ರೈಸ್ ಕೊಂಡರೆ ವಿಮಾನ ಇಳಿಯುವ ಹೊತ್ತಿಗೂ ಗಾಡಿಗೂ ನಡುವೆ ಮೂರು ಗಂಟೆ ಬಿಡು. ಕಾಯುವುದು ಬೇಸರ ನಿಜ, ಆದರೆ ಆ ಬೇಸರಕ್ಕೆ ಒಂದು ಕಾಫಿ ಸಾಕು.

ಇನ್ನೊಂದು: ವಿಮಾನ ನಿಲ್ದಾಣದಿಂದ ಚೆಮ್ನಿಟ್ಸ್ ತನಕ ಒಂದೇ ಟಿಕೆಟ್ ಮಾಡಿಸು. ನಡುವೆ ಗಾಡಿ ಬದಲಿಸುವ ಲೈಪ್‌ಸಿಗ್ ತನಕ ಒಂದು, ಅಲ್ಲಿಂದ ಮುಂದೆ ಇನ್ನೊಂದು ಎಂದು ತುಂಡು ಮಾಡಿದರೆ, ಮೊದಲ ಗಾಡಿ ತಡವಾಗಿ ಎರಡನೆಯದು ತಪ್ಪಿದಾಗ ನಿನ್ನ ಪರವಾಗಿ ನಿಲ್ಲುವ ನಿಯಮ ತೆಳ್ಳಗಾಗುತ್ತದೆ. ಒಂದೇ ಟಿಕೆಟ್ ಇದ್ದರೆ, ನೀನು ಸೇರಬೇಕಾದ ಊರಿಗೆ 20 ನಿಮಿಷಕ್ಕಿಂತ ಹೆಚ್ಚು ತಡವಾಗುತ್ತದೆ ಎಂದು ಕಂಡ ಕೂಡಲೇ ಬೇರೆ ಗಾಡಿ, ಬೇರೆ ದಾರಿ, ಯಾವುದನ್ನಾದರೂ ಹಿಡಿಯುವ ಹಕ್ಕು ನಿನಗೆ ಬರುತ್ತದೆ. ಹೆಚ್ಚಿನ ದುಡ್ಡು ಕೊಡಬೇಕಿಲ್ಲ. ಇದು ಯಾರೋ ದಯೆಯಿಂದ ಬಿಟ್ಟುಕೊಡುವುದಲ್ಲ, ನೀನು ಕೊಟ್ಟ ದುಡ್ಡಿನೊಳಗೇ ಇರುವುದು. ಟಿ.ಸಿ. ಬಂದಾಗ ತಲೆ ತಗ್ಗಿಸದೆ ಹೇಳು: ಹಿಂದಿನ ಗಾಡಿ ತಡವಾಯಿತು, ಅದಕ್ಕೆ ಇದನ್ನು ಹತ್ತಿದೆ. ಅವರು ದಿನಕ್ಕೆ ನೂರು ಸಲ ಇದನ್ನು ಕೇಳುತ್ತಾರೆ.

ರೈಲಿನವರ ಆ್ಯಪ್ ಲೈಪ್‌ಸಿಗ್‌ನಲ್ಲಿ ಗಾಡಿ ಬದಲಿಸಲು ಎಂಟೋ ಹತ್ತೋ ನಿಮಿಷ ಸಾಕೆಂದು ತೋರಿಸಬಹುದು. ನಂಬಬೇಡ. ಬದಲಿಸುವ ಸಮಯವನ್ನು ಹೆಚ್ಚಿಸಿ ಹುಡುಕುವ ಸೌಲಭ್ಯ ಅದರಲ್ಲೇ ಇದೆ. 45 ನಿಮಿಷ ಇಟ್ಟು ಹುಡುಕು. ಎರಡು ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೋಗುವವಳಿಗೆ ಎಂಟು ನಿಮಿಷ ಏನಕ್ಕೂ ಸಾಲದು. ಇಲ್ಲಿ ಹಮಾಲಿಗಳಿಲ್ಲ, ಲಿಫ್ಟ್ ಕೆಟ್ಟಿರುವುದೂ ಉಂಟು. ಒಂದೊಂದು ಪೆಟ್ಟಿಗೆಯನ್ನೂ ನೀನೊಬ್ಬಳೇ ಎತ್ತಿ ಮೆಟ್ಟಿಲು ಹತ್ತಬಲ್ಲೆಯಾ ಎಂದು ಮನೆಯ ಮೆಟ್ಟಿಲಲ್ಲೇ ನೋಡಿಕೋ. ಆಗದಿದ್ದರೆ ಕುಕ್ಕರ್ ತೆಗೆದುಬಿಡು, ಇಲ್ಲೂ ಸಿಗುತ್ತದೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ರೈಲು ನಿಲ್ದಾಣ ಎರಡಿವೆ. ಟರ್ಮಿನಲ್ 1ರ ಅಡಿಯಲ್ಲಿರುವುದು ‘ರೆಗಿಯೊನಾಲ್‌ಬಾನ್‌ಹೋಫ್’, ಅಲ್ಲಿ 1ರಿಂದ 3ನೇ ಪ್ಲಾಟ್‌ಫಾರ್ಮ್. ಊರೊಳಗೆ ಹೋಗುವ ಎಸ್‌–8, ಎಸ್‌–9 ಗಾಡಿಗಳು ಅಲ್ಲಿ ಬರುತ್ತವೆ. ಮೇಲುಸೇತುವೆ ದಾಟಿ ಹೋದರೆ ‘ಫೆರ್ನ್‌ಬಾನ್‌ಹೋಫ್’, 1999ರಲ್ಲಿ ತೆರೆದದ್ದು, 4ರಿಂದ 7ನೇ ಪ್ಲಾಟ್‌ಫಾರ್ಮ್. ನಿನ್ನ ಐಸಿಇ ಅಲ್ಲಿಗೆ ಬರುತ್ತದೆ. ಬೇರೆ ಟರ್ಮಿನಲ್ಲಿಗೆ ಇಳಿದರೆ ಮೊದಲು ಟರ್ಮಿನಲ್ 1ಕ್ಕೆ ಬರಬೇಕು. ಹೊರಬಾಗಿಲ ಹತ್ತಿರ ‘ಟ್ಯಾಕ್ಸಿ ಬೇಕಾ’ ಎಂದು ಪಕ್ಕಕ್ಕೆ ಬಂದು ಕೇಳುವವರ ಹಿಂದೆ ಹೋಗಬೇಡ. ನಿಜವಾದ ಟ್ಯಾಕ್ಸಿಗೆ ನೆತ್ತಿಯ ಮೇಲೆ ಹಳದಿ ಫಲಕ, ಒಳಗೆ ಮೀಟರ್ ಇರುತ್ತದೆ, ಅದು ಸಾಲಿನಲ್ಲಿ ನಿಂತಿರುತ್ತದೆ, ನಿನ್ನನ್ನು ಹುಡುಕಿಕೊಂಡು ಬರುವುದಿಲ್ಲ.

ಲೈಪ್‌ಸಿಗ್ ಮಾರ್ಗವಾಗಿ ಡ್ರೆಸ್ಡೆನ್‌ಗೆ ಹೋಗುವ ಐಸಿಇ ಎರಡು ಗಂಟೆಗೊಮ್ಮೆ ವಿಮಾನ ನಿಲ್ದಾಣದಿಂದಲೇ ಸಿಗುತ್ತದೆ. ಈ ಗಾಡಿಗಳು ಬಹಳ ಉದ್ದ, ಕೆಲವು 370 ಮೀಟರಿಗೂ ಮೇಲೆ. ಪ್ಲಾಟ್‌ಫಾರ್ಮಿನಲ್ಲಿ ಎ, ಬಿ, ಸಿ ಎಂದು ಬೋರ್ಡುಗಳಿರುತ್ತವೆ, ಯಾವ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಮೇಲಿನ ಪರದೆ ತೋರಿಸುತ್ತದೆ. ಆದರೆ ಬೋಗಿಗಳ ಸಾಲು ತಲೆಕೆಳಗಾಗಿ ಬರುವುದುಂಟು, ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರ್ಮೇ ಬದಲಾಗುವುದುಂಟು. ಸುತ್ತಲಿನ ಜನ ಒಟ್ಟಿಗೆ ಪೆಟ್ಟಿಗೆ ಎತ್ತಿಕೊಂಡು ನಡೆಯಲು ಶುರುಮಾಡಿದರೆ ನೀನೂ ಎದ್ದು ಪಕ್ಕದವರನ್ನು ಕೇಳು. ನಿನ್ನ ಬೋಗಿ ಸಿಗದಿದ್ದರೆ ಹತ್ತಿರದ ಬಾಗಿಲಲ್ಲಿ ಹತ್ತಿಕೋ, ಆಮೇಲೆ ಒಳಗಿನಿಂದ ನಡೆದು ಹೋಗಬಹುದು. ಹೊರಡುವ ವೇಳೆಗೆ ಕೆಲವು ಸೆಕೆಂಡು ಮೊದಲೇ ಬಾಗಿಲು ಮುಚ್ಚುತ್ತವೆ. ತಡವಾಗಿ ಬಂದ ಗಾಡಿಯೂ ನಿನಗಾಗಿ ಕಾಯುವುದಿಲ್ಲ.

ಹತ್ತಿದ ಸ್ವಲ್ಪ ಹೊತ್ತಿಗೆ ಗಾಡಿ ಫ್ರಾಂಕ್‌ಫರ್ಟ್‌ನ ಮುಖ್ಯ ನಿಲ್ದಾಣ ‘ಹೌಪ್ಟ್‌ಬಾನ್‌ಹೋಫ್’ನಲ್ಲಿ ನಿಂತು, ಬಂದ ದಿಕ್ಕಿಗೇ ಹೊರಡುತ್ತದೆ. ಗಾಬರಿಯಾಗಬೇಡ. ಅಲ್ಲಿ ಹಳಿಗಳು ಕೊನೆಯಾಗುತ್ತವೆ, ಮುಂದೆ ದಾರಿಯಿಲ್ಲ. ಹಿಂದಿನ ತುದಿಯೇ ಮುಂದಾಗಿ ಹೊರಡುವುದು ಅಲ್ಲಿನ ಕ್ರಮ. ವಿಮಾನ ನಿಲ್ದಾಣಕ್ಕೇ ವಾಪಸ್ ಹೋಗುತ್ತಿದ್ದೇನೆಂದು ತಿಳಿದು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟ ಮಕ್ಕಳಿದ್ದಾರೆ. ಲೈಪ್‌ಸಿಗ್‌ನಲ್ಲೂ ಹಾಗೇ.

ಲೈಪ್‌ಸಿಗ್ ನಿಲ್ದಾಣ ದೊಡ್ಡದು, ಚೆಂದದ್ದು. ಸಮಯವಿದ್ದರೆ ತಲೆ ಎತ್ತಿ ಒಮ್ಮೆ ನೋಡು. 1 ಮತ್ತು 2ನೇ ಪ್ಲಾಟ್‌ಫಾರ್ಮ್ ಮಾತ್ರ ನೆಲದಡಿ ಇವೆ, 2013ರ ಡಿಸೆಂಬರಿನಲ್ಲಿ ತೆರೆದ ಸುರಂಗದಲ್ಲಿ. ಚೆಮ್ನಿಟ್ಸ್‌ನ ಗಾಡಿ, ಆರ್‌ಇ–6, ಮೇಲಿನ ದೊಡ್ಡ ಹಜಾರದಿಂದ ಹೊರಡುತ್ತದೆ, ಸುಮಾರು ಒಂದು ಗಂಟೆಯ ದಾರಿ. ಈ ಮಾರ್ಗ ನಿನಗೆ ಅಪರಿಚಿತ ಅನ್ನಿಸದು. ಬಹುಪಾಲು ಒಂದೇ ಹಳಿ. ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ಎಡಕುಮೇರಿಯಲ್ಲಿ ಎದುರು ಗಾಡಿಗೆ ಕಾಯುತ್ತೀವಲ್ಲ, ಅದೇ ಕ್ರಾಸಿಂಗ್ ಇಲ್ಲೂ ಇದೆ. ಎದುರಿನದು ತಡವಾದರೆ ನಿನ್ನದೂ ನಿಲ್ಲಲೇಬೇಕು. ಹೊಲದ ನಡುವೆ ಗಾಡಿ ಸುಮ್ಮನೆ ನಿಂತರೆ ಕೆಟ್ಟುಹೋಯಿತೆಂದು ತಿಳಿಯಬೇಡ. ಸಣ್ಣ ಗಾಡಿಗಳಲ್ಲಿ ಪ್ರಕಟಣೆ ಹೆಚ್ಚಾಗಿ ಜರ್ಮನ್‌ನಲ್ಲೇ ಇರುತ್ತದೆ. ಮೂರು ನಾಲ್ಕು ಮಾತು ಕಿವಿಗೆ ಹಾಕಿಕೊಂಡಿರು: ‘ಫೆರ್‌ಶ್ಪೇಟುಂಗ್’ ಅಂದರೆ ತಡ, ‘ಫೆಲ್ಟ್ ಆವ್ಸ್’ ಅಂದರೆ ರದ್ದು, ‘ಗ್ಲೈಸ್’ ಅಂದರೆ ಪ್ಲಾಟ್‌ಫಾರ್ಮ್, ‘ಎರ್ಜಾಟ್ಸ್’ ಎಂದು ಎಲ್ಲಾದರೂ ಕೇಳಿಸಿದರೆ ಗಾಡಿಯ ಬದಲಿಗೆ ಬೇರೇನೋ ಇದೆ ಎಂದು.

ಆ ಬದಲಿ ಬಹಳ ಸಲ ಬಸ್ಸಾಗಿರುತ್ತದೆ. ನಾನಿರುವ ಕಾರ್ಲ್ಸ್‌ರುಹೆಯ ಪಕ್ಕ ರಾಸ್ಟಾಟ್ ಎಂಬ ಊರಿದೆ. 2017ರ ಆಗಸ್ಟ್ 12ರಂದು ಅಲ್ಲಿ ಹಳಿಯ ಕೆಳಗೆ ಸುರಂಗ ಕೊರೆಯುವಾಗ ನೆಲ ಕುಸಿದು ಹಳಿ ಬಾಗಿತು. ಉತ್ತರ ಯುರೋಪಿನಿಂದ ಸ್ವಿಟ್ಜರ್ಲೆಂಡ್, ಇಟಲಿಗೆ ಸರಕು ಹೋಗುವ ಮುಖ್ಯ ಮಾರ್ಗವದು. ಅಕ್ಟೋಬರ್ 2ರ ತನಕ ಮುಚ್ಚಿತ್ತು. ರಾಸ್ಟಾಟ್‌ನಿಂದ ಬಾಡೆನ್‌ಬಾಡೆನ್‌ಗೆ ಪ್ರಯಾಣಿಕರನ್ನೆಲ್ಲ ಬಸ್ಸಿನಲ್ಲಿ ಸಾಗಿಸಿದರು. ರೈಲಿನಿಂದ ಇಳಿದವರಲ್ಲಿ ಬೋರ್ಡಿಗಾಗಿ ಹುಡುಕುತ್ತ ನಿಂತವರು ಹಿಂದುಳಿದರು. ‘ಬಸ್ ಎಲ್ಲಿ’ ಎಂದು ಕೇಳುತ್ತ ಹೊರಟವರು ಕೂತರು. ಬದಲಿ ಬಸ್ ನಿಲ್ದಾಣದ ಎದುರಿಗೇ ನಿಲ್ಲುತ್ತದೆಂದು ಹೇಳಲಾಗದು, ಹಿಂಬದಿಯಲ್ಲೋ ಪಕ್ಕದ ರಸ್ತೆಯಲ್ಲೋ ಇರಬಹುದು. ‘ಎಸ್‌ಇವಿ’ ಎಂಬ ಮೂರು ಅಕ್ಷರದ ಬೋರ್ಡು ಅದರ ಗುರುತು. ಬಸ್ಸಿಗೆ ರೈಲಿನ ಎರಡರಷ್ಟು ಹೊತ್ತು ಹಿಡಿಯಬಹುದು, ಅದನ್ನೂ ಲೆಕ್ಕಕ್ಕೆ ಸೇರಿಸಿಕೋ.

ಕೇಳುವುದರ ಬಗ್ಗೆ ಇನ್ನೊಂದು ಮಾತು. ಮೆಜೆಸ್ಟಿಕ್‌ನಲ್ಲಿ ಇಳಿದರೆ ನೀನು ಏನು ಮಾಡುತ್ತೀಯೆ? ಕಂಡಕ್ಟರನ್ನು ಕೇಳುತ್ತೀಯೆ, ಅವನು ಹೇಳಿದ್ದು ಸರಿಯೋ ಎಂದು ಹಣ್ಣಿನ ಗಾಡಿಯವನನ್ನು ಕೇಳುತ್ತೀಯೆ, ಕೊನೆಗೆ ಬಸ್ ಹತ್ತುವಾಗ ಒಳಗೆ ಕೂತ ಅಜ್ಜಿಯನ್ನು ಇನ್ನೊಮ್ಮೆ ಕೇಳುತ್ತೀಯೆ. ಆ ಗುಣವನ್ನು ಇಲ್ಲಿಗೆ ಬಂದ ಕೂಡಲೇ ಮಕ್ಕಳು ಕಳೆದುಕೊಳ್ಳುವುದು ನನಗೆ ತುಂಬ ಸಂಕಟದ ವಿಷಯ. ಫೋನಿನ ಪರದೆ ನೋಡುತ್ತ ಒಂಟಿಯಾಗಿ ನಿಂತುಬಿಡುತ್ತಾರೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದು ನಮ್ಮಜ್ಜಿ ಹೇಳುತ್ತಿದ್ದುದನ್ನು ಇಲ್ಲಿ ಬಂದ ಮೇಲೆ ನಾನು ಇನ್ನೂ ಹೆಚ್ಚು ನಂಬಿದೆ. ಜರ್ಮನರು ತಾವಾಗಿ ಮಾತಿಗಿಳಿಯುವುದು ಕಡಿಮೆ. ಕೇಳಿದರೆ ಮಾತ್ರ ಎಷ್ಟು ಅಚ್ಚುಕಟ್ಟಾಗಿ ಹೇಳುತ್ತಾರೆಂದರೆ, ತಮ್ಮ ಫೋನ್ ತೆಗೆದು ನೋಡಿ, ನನ್ನ ಜೊತೆ ಪ್ಲಾಟ್‌ಫಾರ್ಮಿನ ತನಕ ನಡೆದು ಬಂದವರೂ ಇದ್ದಾರೆ. ರೈಲು ತಡವಾದ ದಿನವಂತೂ ಎಲ್ಲರಿಗೂ ಅದೇ ಕಷ್ಟ, ಮಾತು ಸಲೀಸಾಗಿ ಹುಟ್ಟುತ್ತದೆ. ವಯಸ್ಸಾದವರಿಗೆ ಇಂಗ್ಲಿಷ್ ಬಾರದಿರಬಹುದು, ಅದರಲ್ಲೂ ಚೆಮ್ನಿಟ್ಸ್ ಹಿಂದಿನ ಪೂರ್ವ ಜರ್ಮನಿಯ ಊರು. ಅಲ್ಲಿ ಹಿರಿಯರು ಶಾಲೆಯಲ್ಲಿ ಕಲಿತದ್ದು ರಷ್ಯನ್. ಟಿಕೆಟ್ ತೋರಿಸಿ ಊರಿನ ಹೆಸರು ಹೇಳು, ಸಾಕು.

ಟಿಕೆಟ್ಟನ್ನು ಫೋನಿನಲ್ಲಿ ಇಳಿಸಿಕೊಂಡಿರು, ಜೊತೆಗೆ ಕಾಗದದಲ್ಲಿ ಮುದ್ರಿಸಿಯೂ ತಾ. ಫೋನಿನ ಚಾರ್ಜ್ ಮುಗಿಯುವುದು ಅಂಥ ದಿನವೇ. ಟಿಕೆಟ್ ನಿನ್ನ ಹೆಸರಿನಲ್ಲಿರುತ್ತದೆ, ಪಾಸ್‌ಪೋರ್ಟ್ ಕೈಗೆಟಕುವಂತೆ ಇಟ್ಟುಕೋ. ಚಿಲ್ಲರೆ ಯೂರೋ ಬೇಕು, ನಿಲ್ದಾಣದ ಶೌಚಾಲಯಕ್ಕೂ ದುಡ್ಡು ಕೊಡಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಹೊಸಬಳೆಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ, ತಪಾಸಣೆಗೆ ಬರುವವರು ಮಾಮೂಲಿ ಬಟ್ಟೆಯಲ್ಲಿರುವುದೂ ಉಂಟು. ಕೆಲವು ಊರುಗಳಲ್ಲಿ ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಬೇಕು, ಅದಿಲ್ಲದಿದ್ದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ.

‘ಡಾಯ್ಚ್‌ಲಾಂಡ್ ಟಿಕೆಟ್’ ಬಗ್ಗೆ ನಿನ್ನ ಗೆಳತಿಯರು ಹೇಳಿರುತ್ತಾರೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, ಆಮೇಲೂ ಏರಿದೆ. ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲಿಗೆಲ್ಲ ನಡೆಯುತ್ತದೆ. ಬಹಳ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ಇನ್ನೂ ಅಗ್ಗದಲ್ಲಿ ಕೊಡುತ್ತವೆ. ಅದು ಐಸಿಇ, ಐಸಿಯಂಥ ದೂರದ ಗಾಡಿಗಳಿಗೆ ನಡೆಯುವುದಿಲ್ಲ. ಮೊದಲ ದಿನ ಅದನ್ನು ನಂಬಿ ಫ್ರಾಂಕ್‌ಫರ್ಟ್‌ನಿಂದ ಪ್ಯಾಸೆಂಜರ್ ಗಾಡಿಗಳಲ್ಲೇ ಚೆಮ್ನಿಟ್ಸ್‌ಗೆ ಬರುತ್ತೇನೆನ್ನಬೇಡ. ನಾಲ್ಕೈದು ಕಡೆ ಗಾಡಿ ಬದಲಿಸಬೇಕು, ಪ್ರತಿ ಬದಲಾವಣೆಯೂ ಒಂದು ಅಪಾಯ. ಅದು ಮಾಸಿಕ ಕರಾರು ಎಂಬುದೂ ನೆನಪಿರಲಿ. ಬೇಡವೆಂದರೆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದೂ ಕಡಿತವಾಗುತ್ತದೆ.

ಈಗ ಮುಖ್ಯವಾದ ಮಾತು. ವಿದ್ಯಾರ್ಥಿ ನಿಲಯದ ಬೀಗದ ಕೈ ಕೊಡುವವನು ‘ಹೌಸ್‌ಮೈಸ್ಟರ್’. ಅವನು ಕೆಲಸದ ದಿನಗಳಲ್ಲಿ, ನಿಗದಿಯಾದ ಗಂಟೆಗಳಲ್ಲಿ ಮಾತ್ರ ಇರುತ್ತಾನೆ. ಶುಕ್ರವಾರ ನಿನ್ನ ಗಾಡಿ ಎರಡು ಗಂಟೆ ತಡವಾದರೆ ಬೀಗದ ಕೈ ಸೋಮವಾರಕ್ಕೆ ಹೋಗುತ್ತದೆ. ಅಕ್ಟೋಬರ್ 3 ದೇಶಕ್ಕೆಲ್ಲ ರಜೆ, 31 ಸ್ಯಾಕ್ಸನಿ ರಾಜ್ಯಕ್ಕೆ ರಜೆ, ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ತಿನ್ನಲು ಸಿಗುವುದು ರೈಲು ನಿಲ್ದಾಣದ ಅಂಗಡಿಗಳಲ್ಲಿ. ಆದ್ದರಿಂದ ಸೋಮವಾರವೋ ಮಂಗಳವಾರವೋ ಇಳಿಯುವಂತೆ ನೋಡಿಕೋ, ಮತ್ತು ಮೊದಲ ರಾತ್ರಿಗೆ ಚೆಮ್ನಿಟ್ಸ್ ನಿಲ್ದಾಣದ ಹತ್ತಿರ ಒಂದು ಹಾಸ್ಟೆಲ್ ಇಲ್ಲವೇ ಸಣ್ಣ ಹೋಟೆಲ್ ಹಿಡಿದಿರು, ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದು. ನಿನ್ನಪ್ಪ ಇದನ್ನು ದಂಡದ ಖರ್ಚು ಎನ್ನಬಹುದು. ಅವರಿಗೆ ನಾನು ಹೇಳುತ್ತೇನೆ. ಬೀಗದ ಕೈ ಮರುದಿನ ಬೆಳಿಗ್ಗೆ ತೆಗೆದುಕೊಂಡರಾಯಿತು ಎಂದಾದ ಕ್ಷಣ, ಎಷ್ಟು ಗಾಡಿ ತಪ್ಪಿದರೂ ಏನೂ ಹಾಳಾಗುವುದಿಲ್ಲ.

ಅಕಸ್ಮಾತ್ ರಾತ್ರಿಯಾಗಿಯೇ ಹೋಯಿತೆನ್ನು, ಮುಂದಕ್ಕೆ ಗಾಡಿಯಿಲ್ಲ. ಹೆದರಿ ಮೂಲೆಯ ಬೆಂಚು ಹುಡುಕಬೇಡ, ನಿಲ್ದಾಣದಿಂದ ಹೊರಗೂ ನಡೆಯಬೇಡ. ಫ್ರಾಂಕ್‌ಫರ್ಟ್‌ನ ದೊಡ್ಡ ನಿಲ್ದಾಣದ ಎದುರಿನ ಬೀದಿಗಳು ರಾತ್ರಿ ಹೊಸಬರಿಗೆ, ಅದೂ ಪೆಟ್ಟಿಗೆ ಎಳೆಯುವವರಿಗೆ, ತಕ್ಕ ಜಾಗವಲ್ಲ. ನೇರ ಮಾಹಿತಿ ಕೌಂಟರಿಗೆ ಹೋಗು. ರೈಲಿನ ತಡದಿಂದಲೇ ಆ ದಿನ ಮುಂದೆ ಹೋಗಲಾಗದಿದ್ದರೆ ರಾತ್ರಿ ತಂಗಲು ವ್ಯವಸ್ಥೆ ಮಾಡುವುದು ರೈಲು ಕಂಪನಿಯ ಹೊಣೆ, ಯುರೋಪಿನ ಕಾನೂನೇ ಹಾಗೆ ಹೇಳುತ್ತದೆ. ದಿನದ ಕೊನೆಯ ಗಾಡಿ ರದ್ದಾಗಿ ನಡುರಾತ್ರಿಯೊಳಗೆ ಊರು ಸೇರಲಾಗದಂಥ ಸಂದರ್ಭದಲ್ಲಿ 120 ಯೂರೋ ತನಕ ಟ್ಯಾಕ್ಸಿ ಖರ್ಚು ಕೇಳುವ ಅವಕಾಶವೂ ಇದೆ. ಆದರೆ ಮೊದಲು ಕೌಂಟರಿನಲ್ಲಿ ಕೇಳಿ ಚೀಟಿ ಬರೆಸಿಕೋ, ಆಮೇಲೆ ಹೊರಡು. ಕೌಂಟರ್ ಮುಚ್ಚಿದ್ದರೆ ಪರದೆಯ ಫೋಟೋ ತೆಗೆದಿಟ್ಟುಕೋ, ರಸೀದಿ ಇಟ್ಟುಕೋ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಬಾಗಿಲಿದೆ. ಅದರ ಹೆಸರು ‘ಬಾನ್‌ಹೋಫ್ಸ್‌ಮಿಸಿಯೋನ್’. 1894ರಲ್ಲಿ ಬರ್ಲಿನ್‌ನ ಒಂದು ನಿಲ್ದಾಣದಲ್ಲಿ ಶುರುವಾದದ್ದು. ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಒಬ್ಬೊಬ್ಬರೇ ಬಂದಿಳಿಯುತ್ತಿದ್ದ ಹೆಣ್ಣುಮಕ್ಕಳು ಕೆಟ್ಟವರ ಕೈಗೆ ಬೀಳದಿರಲಿ ಎಂಬುದು ಅದನ್ನು ಕಟ್ಟಿದವರ ಉದ್ದೇಶ. ಈಗಲೂ ನೂರಕ್ಕೆ ಮೇಲ್ಪಟ್ಟ ನಿಲ್ದಾಣಗಳಲ್ಲಿದೆ, ಫ್ರಾಂಕ್‌ಫರ್ಟ್‌ನಲ್ಲೂ ಲೈಪ್‌ಸಿಗ್‌ನಲ್ಲೂ ಇದೆ. ಚರ್ಚುಗಳ ಸೇವಾ ಸಂಸ್ಥೆಗಳು ನಡೆಸುತ್ತವೆ, ಯಾವ ಧರ್ಮ, ಯಾವ ದೇಶ ಎಂದು ಕೇಳುವುದಿಲ್ಲ, ದುಡ್ಡೂ ಕೇಳುವುದಿಲ್ಲ. ನೀಲಿ ಜಾಕೆಟ್ ತೊಟ್ಟ ಸ್ವಯಂಸೇವಕರು ಇರುತ್ತಾರೆ, ಹಲವರು ನಿವೃತ್ತ ಶಿಕ್ಷಕಿಯರಂಥವರು. ಕೂರಲು ಬೆಚ್ಚನೆಯ ಜಾಗ, ಕುಡಿಯಲು ಬಿಸಿ ಚಹಾ, ಫೋನ್ ಚಾರ್ಜ್ ಮಾಡಲು ಪ್ಲಗ್ಗು, ಗಾಡಿ ಬದಲಿಸಲು ಒಂದು ಕೈ. ಎಲ್ಲ ಕಡೆ ರಾತ್ರಿಯಿಡೀ ತೆರೆದಿರುವುದಿಲ್ಲ, ಹೊರಡುವ ಮುಂಚೆಯೇ ವೇಳೆ ನೋಡಿಟ್ಟುಕೋ. ಅಲ್ಲಿಗೆ ಹೋಗುವುದು ಗತಿಗೆಟ್ಟವರ ಲಕ್ಷಣ ಎಂದುಕೊಳ್ಳಬೇಡ. ನಿನ್ನಂಥ ಹುಡುಗಿಯರಿಗೆಂದೇ ಅವರು ಆ ಬಾಗಿಲು ತೆರೆದದ್ದು.

ತಲುಪಿ, ನಿದ್ದೆ ಮಾಡಿ, ಒಂದು ವಾರ ಕಳೆದ ಮೇಲೆ ಒಂದು ಕೆಲಸ ಮಾಡು. ಕೊನೆಯ ಊರಿಗೆ 60 ನಿಮಿಷ ತಡವಾಗಿದ್ದರೆ ಟಿಕೆಟ್ಟಿನ ಶೇ. 25, 120 ನಿಮಿಷ ತಡವಾಗಿದ್ದರೆ ಶೇ. 50 ವಾಪಸ್ ಬರುತ್ತದೆ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಆ್ಯಪ್‌ನಲ್ಲಿ ಖಾತೆ ತೆರೆದು ಟಿಕೆಟ್ ಕೊಂಡಿದ್ದರೆ ಅಲ್ಲೇ ಹಾಕಬಹುದು. ದೊಡ್ಡ ಬಿರುಗಾಳಿಯಂಥ ಕಾರಣಕ್ಕೆ ತಡವಾದರೆ ಈ ಪರಿಹಾರ ಸಿಗದಿರಬಹುದು. ರೈಲಿನವರದೇ ಮುಷ್ಕರವಾದರೆ ಸಿಗುತ್ತದೆ. ಹತ್ತಿಪ್ಪತ್ತು ಯೂರೋಗೆ ಯಾಕೆ ಈ ತಾಪತ್ರಯ ಎಂದು ಬಿಟ್ಟುಬಿಡಬೇಡ. ಒಂದು ಸಲ ಅರ್ಜಿ ಹಾಕಿ ಹಣ ಬಂದರೆ, ಈ ದೇಶದಲ್ಲಿ ನಿನ್ನ ಮಾತಿಗೂ ಬೆಲೆಯಿದೆ ಎಂದು ನಿನಗೆ ಗೊತ್ತಾಗುತ್ತದೆ. ನಾಳೆ ಮನೆ ಮಾಲೀಕನ ಮುಂದೆ, ವಿದೇಶಿಯರ ಕಚೇರಿಯ ಮುಂದೆ ನಿಲ್ಲುವಾಗ ಆ ಧೈರ್ಯ ಬೇಕಾಗುತ್ತದೆ.

ಮುಂದೆ ನೀನು ಊರೂರು ತಿರುಗುವಾಗ ಗಾಡಿ ನಡುದಾರಿಯಲ್ಲಿ ಎರಡು ಭಾಗವಾಗುವುದನ್ನೂ ನೋಡುತ್ತೀಯೆ. ಮ್ಯೂನಿಕ್‌ನ ಎಸ್‌–1 ನೊಯ್‌ಫಾರ್ನ್ ಎಂಬಲ್ಲಿ ಬೇರೆಯಾಗುತ್ತದೆ, ಹಿಂದಿನ ಬೋಗಿಗಳು ವಿಮಾನ ನಿಲ್ದಾಣಕ್ಕೆ, ಮುಂದಿನವು ಫ್ರೈಸಿಂಗ್‌ಗೆ. ಊರಿಗೆ ಹೊರಡುವ ದಿನ ಮುಂದಿನ ಬೋಗಿಯಲ್ಲಿ ಕೂತು ವಿಮಾನ ತಪ್ಪಿಸಿಕೊಂಡವರಿದ್ದಾರೆ. ಬೋಗಿಯ ಮೇಲಿನ ಹೆಸರು ಓದಿ ಹತ್ತು, ಹತ್ತಿದ ಮೇಲೆ ಒಳಗಿನವರನ್ನೂ ಕೇಳು. ಅಕ್ಟೋಬರ್ ಕೊನೆಯ ಭಾನುವಾರ ನಸುಕಿನಲ್ಲಿ ಗಡಿಯಾರವನ್ನು 3ರಿಂದ 2ಕ್ಕೆ ಹಿಂದೆ ತಿರುಗಿಸುತ್ತಾರೆ, ಆ ರಾತ್ರಿಯ ಗಾಡಿಗಳ ವೇಳೆಯನ್ನು ಎರಡು ಸಲ ನೋಡಿಕೋ.

ಕೊನೆಯದಾಗಿ ಮನೆಯವರ ವಿಷಯ. ‘ಮಧ್ಯಾಹ್ನ ಮೂರಕ್ಕೆ ತಲುಪುತ್ತೇನೆ’ ಎಂದು ಅಮ್ಮನಿಗೆ ಹೇಳಬೇಡ. ಗಾಡಿ ತಡವಾದ ಹೊತ್ತೆಲ್ಲ ಅವಳು ಫೋನ್ ಹಿಡಿದು ಕೂರುತ್ತಾಳೆ, ಅವಳ ಗಾಬರಿ ನಿನಗೆ ತಟ್ಟುತ್ತದೆ, ಆಮೇಲೆ ನೀನು ಯೋಚನೆ ಮಾಡಿ ನಡೆಯುವ ಬದಲು ಅವಳಿಗೆ ಉತ್ತರ ಕೊಡಲೆಂದು ಓಡತೊಡಗುತ್ತೀಯೆ. ‘ವಿಮಾನ ಇಳಿದೆ’ ಎಂದು ಒಂದು ಮೆಸೇಜು, ಲೈಪ್‌ಸಿಗ್‌ನಲ್ಲಿ ಇನ್ನೊಂದು, ತಲುಪಿದ ಮೇಲೆ ಫೋನು, ಅದು ಎಷ್ಟು ಹೊತ್ತಾದರೂ ಸರಿ ಎಂದು ಈಗಲೇ ಒಪ್ಪಿಸಿಡು. ನೀನು ಬರುವ ಅಕ್ಟೋಬರ್ ಮೊದಲ ವಾರ ಊರಿನ ಸಮಯ ಇಲ್ಲಿಗಿಂತ ಮೂರೂವರೆ ಗಂಟೆ ಮುಂದಿರುತ್ತದೆ, ನಿನಗೆ ಸಂಜೆ ಏಳಾದರೆ ಅವಳಿಗೆ ಹತ್ತೂವರೆ. ದಾರಿಯಲ್ಲಿ ಏನಾದರೂ ಕೇಳಬೇಕಿದ್ದರೆ ನನಗೆ ಮಾಡು. ಕಾರ್ಲ್ಸ್‌ರುಹೆ ನಿನ್ನ ದಾರಿಯಿಂದ ದೂರ, ನಾನು ಓಡಿ ಬರಲಾರೆ. ಆದರೆ ಆ ದಿನ ರಜೆ ಹಾಕಿದ್ದೇನೆ, ಮುಂದಿನ ಗಾಡಿ ಯಾವುದೆಂದು ಇಲ್ಲಿಂದಲೇ ನೋಡಿ ಹೇಳುತ್ತೇನೆ. ನಿನ್ನ ಟಿಕೆಟ್ಟಿನ ಒಂದು ಪ್ರತಿಯನ್ನು ಹೊರಡುವ ಮುಂಚೆ ನನಗೂ ಕಳಿಸು.

ನಿನ್ನ ದೊಡ್ಡಮ್ಮ